ಪರದೆ ಮೇಲಿನ ನಕ್ಷತ್ರಗಳು

ಇವತ್ತು ಸಂಜೆ ಪರದೆ ನೋಡುತ್ತಾ ಉಗುರು ಕಚ್ಚಿದ್ದೇ ಕಚ್ಚಿದ್ದು.

ಅಣುವೊಂದು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅಂತ ಲೆಕ್ಕ ಹಾಕುವ ಆಟೋಡಾಕ್ ವೀನಾ ಅನ್ನೋ ಪ್ರೋಗ್ರಾಂ ಓಡುತ್ತಿತ್ತು. ಕಪ್ಪು ಕಿಟಕಿಯಲ್ಲಿ ಒಂದೊಂದೇ ನಕ್ಷತ್ರದ ಗುರುತು ಮೂಡಿ, ಸೊನ್ನೆಯಿಂದ ನೂರರ ಕಡೆ ಸಾಲು ಬೆಳೆಯುತ್ತದೆ. ಅರ್ಧ ದಾರಿಯಲ್ಲಿ ನಿಂತ ಹಾಗೆ ಕಂಡರೆ ಎದೆ ಢವಢವ. ಹುಡುಕುತ್ತಿರುವುದು ಏನು ಗೊತ್ತಾ? ಆತಂಕ ಇಳಿಸುವ ಅಣು!

ಕ್ಯಾಮೊಮೈಲ್ ಹೂವಿನಲ್ಲಿರುವ ಎಪಿಜೆನಿನ್. ಮಿದುಳಿನ ನರಕೋಶಗಳನ್ನು ಶಾಂತಗೊಳಿಸುವ ಗಾಬಾ-ಎ ಗ್ರಾಹಕ ಅನ್ನೋ ಪ್ರೋಟೀನಿನಲ್ಲಿ, ಆತಂಕದ ಔಷಧಿ ಡಯಾಜೆಪಾಮ್ ಕೂರುವ ಸಣ್ಣ ಗೂಡೊಂದಿದೆ, ಅದರ ಆಲ್ಫಾ ಮತ್ತು ಗಾಮಾ ಅನ್ನೋ ತುಂಡುಗಳ (ಉಪಘಟಕಗಳ) ಸಂದಿಯಲ್ಲಿ. ಈ ಅಣುವನ್ನು ತಿರುಗಿಸಿ, ಮಗುಚಿ, ಅಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್ ನೋಡುತ್ತದೆ.

ಮೊದಲು ಡಯಾಜೆಪಾಮನ್ನೇ ತೆಗೆದು ಮತ್ತೆ ಕೂರಿಸಿ ನೋಡಿದ್ದೆ. ಅದು ತನ್ನ ಹಳೇ ಜಾಗಕ್ಕೇ, 2 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವ ಪುಟ್ಟ ಅಳತೆ) ಒಳಗೆ, ವಾಪಸ್ ಬಂದರೆ ಮುಂದಿನ ಲೆಕ್ಕಕ್ಕೆ ಒಂದಿಷ್ಟು ಧೈರ್ಯ. ಬಂತು. ಸುಮ್ನೆ ಅಷ್ಟಕ್ಕೇ ಖುಷಿ.

ಎಷ್ಟು ಗಟ್ಟಿಯಾಗಿ ಕೂರುತ್ತದೆ ಅನ್ನುವ ಅಂದಾಜಿನ ಅಂಕ ಎಪಿಜೆನಿನ್‌ಗೂ ಚೆನ್ನಾಗೇ ಬಂತು. ಇಲ್ಲಿ ಮೈನಸ್ ಜಾಸ್ತಿ ಆದಷ್ಟೂ ಒಳ್ಳೆಯದು. ಶಾಲೆಯ ಗಣಿತ ಪರೀಕ್ಷೆಯಲ್ಲೂ ಹೀಗೇ ಇದ್ದಿದ್ದರೆ ನಾನೇ ಮೊದಲು ಬರ್ತಿದ್ದೆ, ಬಿಡಿ.

ಆದರೆ ಕೂತರೆ ಸಾಕಾ? ಫ್ಲುಮಾಜೆನಿಲ್ ಅನ್ನೋ ಇನ್ನೊಂದು ಔಷಧಿ ಕೂಡ ಅದೇ ಗೂಡಿನಲ್ಲಿ ಕೂರುತ್ತದೆ. ಮಾಡುವುದು ಮಾತ್ರ ಡಯಾಜೆಪಾಮ್‌ನ ಪರಿಣಾಮ ಅಳಿಸುವ ಕೆಲಸ. ಕುರ್ಚಿ ಒಂದೇ, ಕೂತವರ ಬುದ್ಧಿ ಬೇರೆ. ನನ್ನ ಮೈನಸ್ ಅಂಕಿ ಇದರ ಬಗ್ಗೆ ಬಾಯೇ ಬಿಡುವುದಿಲ್ಲ. ರಕ್ತದಿಂದ ಮಿದುಳಿಗೆ ದಾಟುತ್ತದಾ ಅನ್ನುವುದು ಇನ್ನೊಂದು ತಲೆನೋವು.

ಗೈಡ್‌ಗೆ ಏನಂತ ಮೆಸೇಜ್ ಹಾಕಲಿ ಅಂತ ಯೋಚಿಸುತ್ತಲೇ ಮುಂದಿನ ಅಣು ಹಾಕಿದೆ. ಮತ್ತೆ ನಕ್ಷತ್ರ ಶುರು. ಕಚ್ಚೋಕೆ ಉಗುರು ಉಳಿದಿಲ್ಲ.