ಮೆಟ್ಟಿಲ ಕೆಳಗಿನ ಬ್ಯಾಟರಿಗಳು ಜಗಲಿಗೆ ಬಂದವು

ಈ ಭಾನುವಾರ ಸೌರ ವಿದ್ಯುತ್ ಕೂಡಿಡುವ ನಮ್ಮ ಎರಡೂ ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಗಳನ್ನು ಹಿಂದಿನ ಜಗಲಿಗೆ ಸಾಗಿಸಿದೆವು. 12 ವೋಲ್ಟ್, 150 ಆಂಪಿಯರ್-ಅವರ್‌ನವು. ಒಂದೊಂದೂ ಐವತ್ತು ಕಿಲೋ ದಾಟುತ್ತದೆ. ಒಳಗೆ ಆಮ್ಲ ಇರುವುದರಿಂದ ವಾಲಿಸುವಂತೆಯೂ ಇಲ್ಲ.

ವಿದ್ಯುತ್ ಲೈನ್ ಇಲ್ಲದ ನಮ್ಮ ಮಲೆನಾಡಿನ ಮನೆಯಲ್ಲಿ ಇವು ಇಷ್ಟು ದಿನ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದವು. ಚಾರ್ಜ್ ತುಂಬುತ್ತ 14.4 ವೋಲ್ಟ್ ಸಮೀಪಿಸಿದಾಗ ಒಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟಾದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹೋದ ವರ್ಷ ನಾನು ಗಾಳಿಗೆಂದು ಕಪಾಟಿನ ಬಾಗಿಲಿನ ಕೆಳಭಾಗದಲ್ಲಿ ರಂಧ್ರ ಕೊರೆದಿದ್ದೆ. ಜಲಜನಕ ಹಗುರ, ಮೇಲೇರಿ ಮೆಟ್ಟಿಲ ಹಲಗೆಯಡಿ ತಂಗುತ್ತದೆ. ಅಲ್ಲೇ, ಬ್ಯಾಟರಿಯ ನೆತ್ತಿಯ ಮೇಲೆ, ಇನ್ವರ್ಟರ್ ಕೂತಿತ್ತು. ಅದರ ರಿಲೇ, ಅಂದರೆ ತಾನಾಗಿ ಬದಲಾಗುವ ಸ್ವಿಚ್, ಟಕ್ ಎಂದಾಗಲೆಲ್ಲ ಒಳಗೆ ಸಣ್ಣ ಕಿಡಿ ಹಾರುತ್ತದೆ. ಇದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಬಿಚ್ಚುವಾಗ ಮೊದಲು ಪ್ಯಾನೆಲ್ ಸಂಪರ್ಕ ಕಡಿದೆ, ಆಮೇಲೆ ಬ್ಯಾಟರಿಯ ಋಣ ತುದಿ. ಆದರೂ ಕೈ ಜಾರಿ ಸ್ಪ್ಯಾನರ್ ಒಂದೇ ಬ್ಯಾಟರಿಯ ಎರಡೂ ತುದಿಗಳಿಗೆ ಅಡ್ಡ ಬಿತ್ತು. ನೀಲಿ ಬೆಳಕು, ಪಟಾಕಿಯಂಥ ಸದ್ದು. ಸ್ಪ್ಯಾನರ್‌ನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣ ಕರಗಿ ಗುಳಿ ಬಿದ್ದಿದೆ. ಬೆರಳಲ್ಲಿ ಉಂಗುರವಿದ್ದು ಅದು ನಡುವೆ ಸಿಕ್ಕಿದ್ದರೆ ಬೆರಳೇ ಸುಡುತ್ತಿತ್ತು, ಬೆಳಿಗ್ಗೆಯೇ ತೆಗೆದಿಟ್ಟಿದ್ದೆ. ಈಗ ಸ್ಪ್ಯಾನರ್‌ನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿದ್ದೇನೆ, ಬಾಯಿಯಷ್ಟೇ ಹೊರಗಿದೆ.

ಜಗಲಿಯಲ್ಲಿ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದೆ. ಎರಡೂ ಬ್ಯಾಟರಿಗಳ ಹನ್ನೆರಡು ಸೆಲ್‌ಗಳಲ್ಲಿ (ಒಳಗಿನ ಖಾನೆಗಳಲ್ಲಿ) ಹನ್ನೊಂದು 1.240ರ ಆಸುಪಾಸು, ಒಂದು ಮಾತ್ರ 1.190, ಅಂದರೆ ಅದರಲ್ಲಿ ಚಾರ್ಜ್ ಕಡಿಮೆ. ಅದಕ್ಕೆ ಆಮ್ಲ ಸುರಿಯಿರಿ ಎನ್ನುವವರು ಊರಿನಲ್ಲಿ ಅನೇಕರಿದ್ದಾರೆ. ಸುರಿಯಬಾರದು. ಬತ್ತುವುದು ನೀರು, ಆಮ್ಲವಲ್ಲ. ಚಾರ್ಜ್ ತುಂಬಿದ ಮೇಲೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು. ಹೆಂಚಿನಿಂದ ಇಳಿದ ಮಳೆನೀರೂ ಬೇಡ.

ಹೈಡ್ರೋಮೀಟರ್‌ನಿಂದ ಪಂಚೆಗೆ ಸಿಡಿದ ಹನಿಗಳು ಆಗ ಕಾಣಲೇ ಇಲ್ಲ. ಮರುದಿನ ಒಗೆದು ಹಿಂಡಿದಾಗ ಜರಡಿಯಂತೆ ತೂತುಗಳು! ಅದೇ ಹನಿ ಕಣ್ಣಿಗೆ ಬಿದ್ದಿದ್ದರೆ? ಕನ್ನಡಕ ಕೊಂಡೆ. ಬ್ಯಾಟರಿಯ ಪಕ್ಕದಲ್ಲಿ ಒಂದು ಬಿಂದಿಗೆ ನೀರು, ನೆಲಕ್ಕೆ ಚೆಲ್ಲಿದರೆ ಹಾಕಲು ಅಡುಗೆ ಸೋಡಾದ ಡಬ್ಬಿ ಇಟ್ಟಿದ್ದೇನೆ.

ಮುಂದಿನ ವಾರ ಧನ ತಂತಿಗೆ ಡಿಸಿ ಫ್ಯೂಸ್ ಕೂರಿಸಬೇಕು. ಬಿಸಿಲು ಬಿದ್ದ ದಿನ ಈಕ್ವಲೈಸ್ ಚಾರ್ಜ್ (ಎಲ್ಲ ಸೆಲ್‌ಗಳನ್ನೂ ಸರಿಸಮ ಮಾಡಲು ಕೊಡುವ ಹೆಚ್ಚುವರಿ ಚಾರ್ಜ್) ಕೊಟ್ಟು ಆ 1.190ರ ಸೆಲ್ ಏರುತ್ತದೆಯೇ ನೋಡುತ್ತೇನೆ.