‘ನಡುವೆ’ ಎಂಬ ಪದಕ್ಕೆ ಹಿಡಿಸದ ಕಾನೂನು

‘ಅಂತಾರಾಷ್ಟ್ರೀಯ’ ಎಂಬ ಪದವನ್ನು ಬಿಡಿಸಿದರೆ ಮೊದಲು ಸಿಗುವುದು ‘ಅಂತರ್’, ಅಂದರೆ ನಡುವೆ. (ಅದನ್ನು ‘ಅಂತರರಾಷ್ಟ್ರೀಯ’ ಎಂದು ಬರೆಯಬೇಕೆನ್ನುವವರೂ ಇದ್ದಾರೆ, ಸಂಧಿಯ ನಿಯಮ ಅವರ ಪರವಾಗಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.) ಇಂಗ್ಲಿಷಿನಲ್ಲಿ ಈ ಅರ್ಥದ ಪದವನ್ನು ಟಂಕಿಸಿದವನು ಇಂಗ್ಲಿಷ್ ತತ್ತ್ವಜ್ಞಾನಿ ಜೆರೆಮಿ ಬೆಂಥಮ್, 1789ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಅದು ಬರುತ್ತದೆ. ಅಲ್ಲಿಯವರೆಗೆ ‘ರಾಷ್ಟ್ರಗಳ ಕಾನೂನು’ ಎಂಬ ಹೆಸರು ರೂಢಿಯಲ್ಲಿತ್ತು. ಹೊಸ ಹೆಸರಿನೊಡನೆ ಒಂದು ಗಡಿಯೂ ಬಂತು: ಒಂದು ರಾಷ್ಟ್ರಕ್ಕೂ ಇನ್ನೊಂದಕ್ಕೂ ನಡುವೆ ನಡೆಯುವುದಷ್ಟೇ ಈ ಕಾನೂನಿನ ವಿಷಯ, ರಾಷ್ಟ್ರದೊಳಗೆ ನಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

1905ರಲ್ಲಿ ಕಾನೂನು ಪಂಡಿತ ಓಪನ್‌ಹೈಮ್ ಕೊಟ್ಟ ವ್ಯಾಖ್ಯೆ ಬಹುಕಾಲ ಪ್ರಮಾಣವೆನಿಸಿಕೊಂಡಿತು. ನಾಗರಿಕ ರಾಷ್ಟ್ರಗಳು ತಮ್ಮ ಪರಸ್ಪರ ವ್ಯವಹಾರದಲ್ಲಿ ಕಾನೂನಿನಂತೆ ಬದ್ಧವೆಂದು ಭಾವಿಸುವ ರೂಢಿಗಳು ಮತ್ತು ಒಪ್ಪಂದಗಳಿಂದ ಹುಟ್ಟಿದ ನಿಯಮಗಳ ಸಮೂಹವೇ ಅಂತಾರಾಷ್ಟ್ರೀಯ ಕಾನೂನು ಎಂಬುದು ಅದರ ತಾತ್ಪರ್ಯ. ಈ ಕಾನೂನಿನ ವ್ಯಾಪ್ತಿ ಹೇಗೆ ಹಿಗ್ಗಿತೆಂದು ತಿಳಿಯಲು ಈ ಒಂದು ವಾಕ್ಯದ ಯಾವ ಯಾವ ಪದ ಯಾವಾಗ ಸಡಿಲವಾಯಿತೆಂದು ನೋಡುವುದೇ ಸುಲಭದ ದಾರಿ ಎಂದು ನನಗನ್ನಿಸುತ್ತದೆ.

‘ನಾಗರಿಕ’ ಎಂಬ ವಿಶೇಷಣ ನಿರುಪದ್ರವಿಯಾಗಿರಲಿಲ್ಲ. ಯಾರು ನಾಗರಿಕರು ಎಂದು ತೀರ್ಮಾನಿಸುವ ಅಧಿಕಾರವನ್ನು ಯುರೋಪು ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಆಫ್ರಿಕದ ಭವಿಷ್ಯವನ್ನು ಚರ್ಚಿಸಿದ 1884–85ರ ಬರ್ಲಿನ್ ಸಮ್ಮೇಳನದಲ್ಲಿ ಆಫ್ರಿಕದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1945ರಲ್ಲಿ 51 ಸದಸ್ಯರೊಡನೆ ಆರಂಭವಾದ ವಿಶ್ವಸಂಸ್ಥೆಯಲ್ಲಿ ಇಂದು 193 ಸದಸ್ಯ ರಾಷ್ಟ್ರಗಳಿವೆ, ಆ ವಿಶೇಷಣಕ್ಕೆ ಅರ್ಥ ಉಳಿದಿಲ್ಲ. ಆದರೂ ಅಂತಾರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿಯಲ್ಲಿ ‘ನಾಗರಿಕ ರಾಷ್ಟ್ರಗಳು ಅಂಗೀಕರಿಸಿದ ಸಾಮಾನ್ಯ ತತ್ತ್ವಗಳು’ ಎಂಬ ಮಾತು ಇಂದಿಗೂ ಹಾಗೆಯೇ ಕುಳಿತಿದೆ.

‘ರಾಷ್ಟ್ರ’ ಎಂಬ ಪದ ಸಡಿಲವಾದ ಬಗೆ ಹೆಚ್ಚು ಕುತೂಹಲಕರ. 1865ರ ಟೆಲಿಗ್ರಾಫ್ ಒಕ್ಕೂಟ, 1874ರ ಅಂಚೆ ಒಕ್ಕೂಟಗಳ ಕಾಲದಿಂದಲೂ ಅಂತಾರಾಷ್ಟ್ರೀಯ ಸಂಸ್ಥೆಗಳು ಇದ್ದವು, ಆದರೆ ಅವುಗಳಿಗೆ ರಾಷ್ಟ್ರಗಳಿಂದ ಬೇರೆಯಾದ ಕಾನೂನು ವ್ಯಕ್ತಿತ್ವ, ಅಂದರೆ ತಮ್ಮದೇ ಹೆಸರಿನಲ್ಲಿ ಹಕ್ಕು ಬಾಧ್ಯತೆಗಳನ್ನು ಹೊರುವ ಅರ್ಹತೆ, ಇದೆಯೇ ಎಂಬುದು ತೀರ್ಮಾನವಾಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಫೋಲ್ಕೆ ಬರ್ನಡೋಟ್ ಜೆರುಸಲೇಮಿನಲ್ಲಿ ಕೊಲೆಯಾದಾಗ, ತನ್ನ ಪ್ರತಿನಿಧಿಗೆ ಆದ ಹಾನಿಗಾಗಿ ವಿಶ್ವಸಂಸ್ಥೆಯೇ ಒಂದು ಸರ್ಕಾರದಿಂದ ಪರಿಹಾರ ಕೇಳಬಹುದೇ ಎಂಬ ಪ್ರಶ್ನೆ ಎದ್ದಿತು. ಪರಿಹಾರ ಕೇಳಬೇಕಾಗಿದ್ದ ಇಸ್ರೇಲ್ ಆಗಿನ್ನೂ ವಿಶ್ವಸಂಸ್ಥೆಯ ಸದಸ್ಯನಾಗಿರಲಿಲ್ಲವಾದ್ದರಿಂದ ಪ್ರಶ್ನೆ ಮತ್ತಷ್ಟು ತೊಡಕಾಯಿತು. 1949ರ ಏಪ್ರಿಲ್‌ನಲ್ಲಿ, ಸಲಹೆ ಬಯಸಿದ ವಿಶ್ವಸಂಸ್ಥೆಗೆ ಅಂತಾರಾಷ್ಟ್ರೀಯ ನ್ಯಾಯಾಲಯ ‘ಕೇಳಬಹುದು’ ಎಂದಿತು. ಸದಸ್ಯನಲ್ಲದ ರಾಷ್ಟ್ರದಿಂದಲೂ ಕೇಳಬಹುದು ಎಂದಿತು. ಆದರೆ ವಿಶ್ವಸಂಸ್ಥೆ ಒಂದು ರಾಷ್ಟ್ರವಲ್ಲ, ರಾಷ್ಟ್ರಗಳ ಮೇಲೆ ಕುಳಿತ ಇನ್ನೊಂದು ದೊಡ್ಡ ರಾಷ್ಟ್ರವಂತೂ ಅಲ್ಲ ಎಂದು ಎಚ್ಚರಿಕೆಯಿಂದ ಸೇರಿಸಿತು. ಹಕ್ಕು ಬಾಧ್ಯತೆಗಳನ್ನು ಹೊರಬಲ್ಲವರೆಲ್ಲರೂ ಒಂದೇ ಬಗೆಯವರಾಗಿರಬೇಕಿಲ್ಲ ಎಂಬ ಈ ನಿಲುವೇ ಮುಂದಿನ ವಿಸ್ತರಣೆಗೆಲ್ಲ ಬಾಗಿಲು ತೆರೆಯಿತು ಎಂಬುದು ನನ್ನ ಅಭಿಪ್ರಾಯ.

ವ್ಯಕ್ತಿ ಈ ಕಾನೂನಿನೊಳಗೆ ಮೊದಲು ಗಟ್ಟಿಯಾಗಿ ಕಾಲಿಟ್ಟದ್ದು ಫಿರ್ಯಾದುದಾರನಾಗಿ ಅಲ್ಲ, ಆರೋಪಿಯಾಗಿ. ಅಪರಾಧಗಳನ್ನು ಮಾಡುವವರು ಮನುಷ್ಯರೇ ಹೊರತು ಅಮೂರ್ತ ಘಟಕಗಳಲ್ಲ ಎಂದು ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಹೇಳಿತು. ಎರಡು ವರ್ಷಗಳ ಅನಂತರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂತು, 1966ರಲ್ಲಿ ಮಾನವ ಹಕ್ಕುಗಳ ಎರಡು ಒಡಂಬಡಿಕೆಗಳು ಬಂದವು. ಒಂದು ಸರ್ಕಾರ ತನ್ನ ಪ್ರಜೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಇನ್ನು ಮೇಲೆ ಅದರ ಮನೆಯೊಳಗಿನ ಮಾತಾಗಿ ಉಳಿಯಲಿಲ್ಲ.

ಇನ್ನು ಉಳಿದದ್ದು ‘ಪರಸ್ಪರ ವ್ಯವಹಾರ’. ಹೊಸ ವಿಷಯಗಳಲ್ಲಿ ಹಲವು ಎರಡು ರಾಷ್ಟ್ರಗಳ ನಡುವಿನವೇ ಅಲ್ಲ. 1967ರ ಒಪ್ಪಂದದ ಪ್ರಕಾರ ಬಾಹ್ಯಾಕಾಶದ ಮೇಲೆ ಯಾವ ರಾಷ್ಟ್ರವೂ ಒಡೆತನ ಸಾಧಿಸುವಂತಿಲ್ಲ. 1982ರ ಸಮುದ್ರ ಕಾನೂನಿನ ಒಪ್ಪಂದ ಕರಾವಳಿ ರಾಷ್ಟ್ರಕ್ಕೆ 12 ನಾಟಿಕಲ್ ಮೈಲಿವರೆಗೆ ಸಾರ್ವಭೌಮತ್ವವನ್ನೂ 200 ನಾಟಿಕಲ್ ಮೈಲಿವರೆಗೆ ಆರ್ಥಿಕ ಹಕ್ಕುಗಳನ್ನೂ ಕೊಟ್ಟು, ರಾಷ್ಟ್ರಗಳ ವ್ಯಾಪ್ತಿಯಾಚೆಯ ಕಡಲತಳದ ಸಂಪತ್ತನ್ನು ಮನುಕುಲದ ಸಮಾನ ಪರಂಪರೆ ಎಂದು ಕರೆಯಿತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಆರಂಭಿಸಿ, ಅಲ್ಲಿನ ವನುವಾಟು ದೇಶ ಮುಂದಕ್ಕೊಯ್ದ ಪ್ರಯತ್ನದ ಫಲವಾಗಿ, ಹವಾಮಾನ ಬದಲಾವಣೆಯ ಬಗ್ಗೆ ರಾಷ್ಟ್ರಗಳ ಬಾಧ್ಯತೆಗಳೇನೆಂದು 2025ರ ಜುಲೈ 23ರಂದು ನ್ಯಾಯಾಲಯ ತನ್ನ ಸಲಹಾತ್ಮಕ ಅಭಿಪ್ರಾಯವನ್ನು ನೀಡಿತು.

ಶಾಸನಸಭೆಯೂ ಪೊಲೀಸರೂ ಇಲ್ಲದ ಇದು ಕಾನೂನೇ ಎಂಬ ಹಳೆಯ ಆಕ್ಷೇಪ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ವ್ಯಾಪ್ತಿಗೂ ಬಾಗಿಲಿಗೂ ಇರುವ ಅಂತರ. ಸಂಸ್ಥೆಗಳು, ವ್ಯಕ್ತಿಗಳು, ಕಡಲು, ಹವೆ ಎಲ್ಲವೂ ಈ ಕಾನೂನಿನೊಳಗೆ ಬಂದಿವೆ. ಆದರೆ ಹೇಗ್‌ನಲ್ಲಿರುವ ಆ ನ್ಯಾಯಾಲಯದ ಶಾಸನದ 34ನೆಯ ವಿಧಿಯ ಪ್ರಕಾರ ಅದರ ಮುಂದೆ ಮೊಕದ್ದಮೆಯ ಪಕ್ಷಗಾರರಾಗಬಲ್ಲವು ರಾಷ್ಟ್ರಗಳು ಮಾತ್ರ, ಅದೂ ಅವುಗಳ ಒಪ್ಪಿಗೆಯಿದ್ದರೆ. ಬರ್ನಡೋಟ್ ಪ್ರಕರಣದಲ್ಲಿ ವಿಶ್ವಸಂಸ್ಥೆಗೆ ಪರಿಹಾರ ಕೇಳುವ ಹಕ್ಕಿದೆಯೆಂದು ಸಾರಿದ ನ್ಯಾಯಾಲಯದಲ್ಲೇ ಆ ಪರಿಹಾರಕ್ಕಾಗಿ ದಾವೆ ಹೂಡಲು ವಿಶ್ವಸಂಸ್ಥೆಗೆ ಅವಕಾಶವಿರಲಿಲ್ಲ, ಇಂದಿಗೂ ಇಲ್ಲ.