ಮಾತಿಲ್ಲದ ಕಾಮಿಕ್ಸಿಗೆ ನಾವು ಕೊಟ್ಟ ಕನ್ನಡ

ನಾನು ಪೂರ್ತಿ ಓದಿ ಮುಗಿಸಿದ ಮೊದಲನೇ ಇಂಗ್ಲಿಷ್ ಕಾಮಿಕ್ಸಿನ ಕಥೇಲಿ ಒಂದೇ ಒಂದು ಮಾತು ಇರ್ಲಿಲ್ಲ.

ಜಿ.ಐ. ಜೋ ಅದು, ಅಮೆರಿಕದ ಸೈನಿಕರ ತಂಡವೊಂದರ ಕಥೆ. ನಾನಾಗ ಐದ್ನೇ ಕ್ಲಾಸು, ಕನ್ನಡ ಮೀಡಿಯಂ, ಎಬಿಸಿಡಿ ಶುರುವಾಗಿದ್ದೇ ಆ ವರ್ಷ. ಬೇಸಿಗೆ ರಜಕ್ಕೆ ಅಕ್ಕ ನಾನು ತಿಪಟೂರಿಂದ ಬೆಂಗಳೂರಿಗೆ ಬಂದಾಗ ಮಾವ ಒಂದು ಭಾನುವಾರ ಅವೆನ್ಯೂ ರೋಡಿಗೆ ಕರ್ಕೊಂಡು ಹೋಗಿದ್ರು, ಫುಟ್‌ಪಾತಲ್ಲಿ ಟಾರ್ಪಾಲ್ ಹಾಸಿ ಗೈಡು, ಹಳೇ ಮ್ಯಾಗಜೀನು ಎಲ್ಲ ಗುಡ್ಡೆ ಹಾಕಿರ್ತಿದ್ರಲ್ಲ, ಅದರೊಳಗೆ ಕವರ್ರೇ ಇಲ್ಲದ ಈ ಪುಸ್ತಕ ಸಿಕ್ತು. "ಇದ್ರಲ್ಲಿ ಓದಕ್ಕೇ ಏನೂ ಇಲ್ವಲ್ಲೋ, ಬೇರೆ ತಗೋ" ಅಂದ್ರು ಮಾವ. ಅದೇ ಬೇಕು ಅಂತ ಹಟ ಹಿಡಿದೆ. ಮೂರು ರೂಪಾಯಿ.

ಒಂದು ಕೋಟೆ. ಅಲ್ಲಿ ಸ್ಕಾರ್ಲೆಟ್ ಅನ್ನೋ ಕೆಂಚು ಕೂದಲಿನ ಹುಡುಗೀನ ಹಿಡಿದಿಟ್ಟಿರ್ತಾರೆ. ಮೈಯೆಲ್ಲ ಕಪ್ಪು ಬಟ್ಟೆ ಹಾಕ್ಕೊಂಡ, ಮುಖಾನೇ ಕಾಣದ ಸ್ನೇಕ್ ಐಸ್ ಒಬ್ನೇ ಅಲ್ಲಿಗೆ ನುಗ್ತಾನೆ, ಕೆಂಪು ಬಟ್ಟೆ ನಿಂಜಾಗಳು ಅವನ ಮೇಲೆ ಬೀಳ್ತಾರೆ, ಎಲ್ಲರಿಗಿಂತ ಡೇಂಜರ್ ಬಿಳಿ ಬಟ್ಟೆಯ ಸ್ಟಾರ್ಮ್ ಶ್ಯಾಡೋ. ಇಷ್ಟೂ ಬರೀ ಚಿತ್ರದಲ್ಲೇ, ಒಂದು ಮಾತಿನ ಗುಳ್ಳೆ ಇಲ್ಲ, ಕತ್ತಿಗೆ ಕತ್ತಿ ತಾಗಿದ್ರೂ ಠಣ್ ಅಂತಾನೂ ಬರೆದಿಲ್ಲ. ಅಕ್ಕನಿಗೆ ತುಂಬಾ ಇಷ್ಟ ಆಗಿದ್ದು ಸ್ಕಾರ್ಲೆಟ್, ಯಾಕಂದ್ರೆ ಅವಳು ಯಾರಾದ್ರೂ ಬಂದು ಬಿಡಿಸ್ಲಿ ಅಂತ ಕೂತಿರಲ್ಲ, ತಾನೇ ತಪ್ಪಿಸ್ಕೊತಾಳೆ. "ನೋಡೋ, ಇವಳೇ ಅರ್ಧ ಕೆಲಸ ಮುಗಿಸಿದ್ಲು" ಅಂತಿದ್ಲು ಪ್ರತಿ ಸಲ.

ಮಾತಿಲ್ಲ ಅಂದ್ಮೇಲೆ ಮಾತು ಹಾಕೋ ಕೆಲಸ ನಮ್ಮದೇ ಆಯ್ತು. ಮಧ್ಯಾಹ್ನ ಊಟ ಆದ್ಮೇಲೆ ದೊಡ್ಡೋರೆಲ್ಲ ಮಲಗಿರೋವಾಗ ನಾವಿಬ್ರೂ ಬೋರಲಾಗಿ ಮಲ್ಕೊಂಡು, ಪುಸ್ತಕ ಮಧ್ಯದಲ್ಲಿಟ್ಟು, ಪಿಸುದನೀಲಿ ಒಂದೊಂದು ಚಿತ್ರಕ್ಕೂ ಡೈಲಾಗ್ ಹೇಳ್ತಿದ್ವಿ. ಸ್ಟಾರ್ಮ್ ಶ್ಯಾಡೋ ನಂದು. ಸ್ನೇಕ್ ಐಸ್, ಸ್ಕಾರ್ಲೆಟ್ ಎರಡೂ ಅಕ್ಕಂದೇ. ಕೊನೇಲಿ ಇಬ್ರೂ ಕೋಟೆಯಿಂದ ಪಾರಾಗೋವಾಗ ಅಕ್ಕ ದನಿ ದಪ್ಪ ಮಾಡ್ಕೊಂಡು "ಬಾರಮ್ಮ, ಹೊತ್ತಾಯ್ತು, ಮನೇಗ್ ಹೋಗಣ" ಅಂತಿದ್ಲು. ದಿನಾ ಅದೇ ಡೈಲಾಗು, ಬದಲಾಯಿಸಂಗಿಲ್ಲ.

ಕೊನೇ ಪುಟ ಮಾತ್ರ ಇಬ್ರೂ ಸುಮ್ನೆ ನೋಡ್ತಿದ್ವಿ. ಸ್ಟಾರ್ಮ್ ಶ್ಯಾಡೋ ಮುಂಗೈ ಮೇಲಿರೋ ಹಚ್ಚೇನೇ ಸ್ನೇಕ್ ಐಸ್ ಕೈ ಮೇಲೂ ಇದೆ! ಹಂಗಾದ್ರೆ ಇವರಿಬ್ರಿಗೂ ಮೊದಲೇ ಏನೋ ಸಂಬಂಧ ಇತ್ತು, ಏನು ಅಂತ ಆ ಪುಸ್ತಕ ಹೇಳಲ್ಲ. ಅಣ್ಣತಮ್ಮ ಅಂತ ನಾನು, ಒಬ್ರೇ ಗುರು ಹತ್ರ ಕಲ್ತಿರ್ತಾರೆ ಅಂತ ಅಕ್ಕ. ಆವತ್ತು ರೆನಾಲ್ಡ್ಸ್ ಪೆನ್ನಲ್ಲಿ ನಮ್ಮಿಬ್ರ ಮುಂಗೈ ಮೇಲೂ ಅದೇ ಗೆರೆಗಳು ಬಂದ್ವು, ಅಮ್ಮ ತೆಂಗಿನ ನಾರಲ್ಲಿ ಉಜ್ಜಿದ್ರೂ ಎರಡು ದಿನ ಹೋಗಲಿಲ್ಲ.

ಅದು ಯಾವ ಸಂಚಿಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಇಂಟರ್ನೆಟ್ ಬಂದ್ಮೇಲೆ. ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ಜಿ.ಐ. ಜೋ 21ನೇ ಸಂಚಿಕೆ, 1984ರದ್ದು, ಬರೆದವರು ಲ್ಯಾರಿ ಹಾಮಾ. ಅಕ್ಕ ಹೇಳಿದ್ದೇ ನಿಜ, ಇಬ್ರೂ ಒಂದೇ ನಿಂಜಾ ಮನೆತನದಲ್ಲಿ ವಿದ್ಯೆ ಕಲಿತೋರು. ಆದ್ರೆ ಸ್ನೇಕ್ ಐಸ್‌ಗೆ ಮಾತೇ ಬರಲ್ಲ ಅನ್ನೋದು ಓದಿದಾಗ ಮನಸ್ಸಿಗೆ ಒಂಥರಾ ಆಯ್ತು, ಹೆಲಿಕಾಪ್ಟರ್ ಆಕ್ಸಿಡೆಂಟಲ್ಲಿ ಮುಖಾನೂ ದನೀನೂ ಹೋಗಿರುತ್ತೆ ಅವನಿಗೆ. ಅಲ್ಲಿ ಅಮೆರಿಕದಲ್ಲಿ ಬಾಯೇ ಬಿಡದವನು ನಮ್ಮನೇಲಿ ದಿನಾ ಮಧ್ಯಾಹ್ನ ಕನ್ನಡ ಮಾತಾಡ್ತಿದ್ದ.

ಆಟದ ಸಾಮಾನು ಮಾರಕ್ಕೆ ಮಾಡಿದ ಕಾಮಿಕ್ಸ್ ಅದು, ಜಾಹೀರಾತು ಅಷ್ಟೇ ಅಂತ ಕೆಲವರು ಮೂಗು ಮುರೀತಾರೆ. ಮಾರಕ್ಕೇ ಮಾಡಿದ್ದು, ಸುಳ್ಳಲ್ಲ. 1982ರಲ್ಲಿ ಆಟದ ಸಾಮಾನಿನ ಕಂಪನಿ ಹ್ಯಾಸ್‌ಬ್ರೋ ಕಾಲು ಕಮ್ಮಿ ನಾಲ್ಕಿಂಚಿನ ಜಿ.ಐ. ಜೋ ಗೊಂಬೆಗಳನ್ನ ತಂದಾಗಲೇ ಕಾಮಿಕ್ಸೂ ಶುರುವಾಗಿದ್ದು. ಸ್ನೇಕ್ ಐಸ್ ಮೈಯೆಲ್ಲ ಕಪ್ಪಿರೋದೂ ಪೇಂಟಿನ ಖರ್ಚು ಉಳಿಸಕ್ಕೆ, ಕಪ್ಪು ಪ್ಲಾಸ್ಟಿಕ್ಕಲ್ಲಿ ಅಚ್ಚು ಹಾಕಿ ಹಂಗೇ ಬಿಟ್ಟಿದ್ರು. ಆದ್ರೆ ಹಂಗೆ ಬಣ್ಣ ಇಲ್ಲದೆ ಬಂದ ಒಂದು ಗೊಂಬೆಗೆ ಗುರು, ಗೆಳೆಯ, ದುಃಖ ಎಲ್ಲ ಕೊಟ್ಟವರು ಹಾಮಾ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೇಲಿದ್ದೋರು ಅವರು, 1994ರವರೆಗೆ ನಡೆದ 155 ಸಂಚಿಕೆಗಳಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ಅವರೇ ಬರೆದಿದ್ದು. ಜಾಹೀರಾತಿಗೆ ಯಾರೂ ಇಷ್ಟು ಜೀವ ತೇಯಲ್ಲ.

ನನ್ನ ಹತ್ರ ಗೊಂಬೆ ಇದ್ದಿದ್ದು ಒಂದೇ, ಅದೂ ಮಾವನ ಮಗ ಆಡಿ ಬಿಟ್ಟಿದ್ದು. ಒಳಗೆ ಒಂದು ರಬ್ಬರ್ ರಿಂಗು ಸೊಂಟಾನೂ ಎದೇನೂ ಹಿಡ್ಕೊಂಡಿರುತ್ತೆ, ಅದು ಹಳೇದಾಗಿ ಕಟ್ ಆದ್ರೆ ಗೊಂಬೆ ಎರಡು ಭಾಗ. ಅಪ್ಪ ಬೆನ್ನಿನ ಸ್ಕ್ರೂ ಬಿಚ್ಚಿ ನಲ್ಲಿ ವಾಷರ್ ಕತ್ತರಿಸಿ ಹಾಕಿಕೊಟ್ಟಿದ್ರು, ಸೊಂಟ ಸ್ವಲ್ಪ ಗಟ್ಟಿ ಆಯ್ತು, ಆದ್ರೂ ನಿಂತ್ಕೊತಿತ್ತು.

ಪುಸ್ತಕ ಮನೆ ಬದಲಾಯಿಸೋವಾಗ ಎಲ್ಲೋ ಹೋಯ್ತು. ಹೋದ ವಾರ ಆ ಕೊನೇ ಪುಟದ ಫೋಟೋ ಸಿಕ್ತು ಅಂತ ಡಲ್ಲಾಸಲ್ಲಿರೋ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ನಾಲ್ಕು ಸೆಕೆಂಡಿನ ಒಂದು ವಾಯ್ಸ್ ಮೆಸೇಜು. ದಪ್ಪ ದನೀಲಿ, "ಬಾರಮ್ಮ, ಹೊತ್ತಾಯ್ತು, ಮನೇಗ್ ಹೋಗಣ."